ಮೂರು ಮೀಟರ್ ಮಳಿಗೆ, ಮೂರು ವರ್ಷದ ಕೌದಿ

ಪ್ರಶ್ನೆ:

ನಮ್ಮದು ಧಾರವಾಡ ಜಿಲ್ಲೆಯ ಒಂದು ಸಣ್ಣ ಟ್ರಸ್ಟ್. ನಾಲ್ಕು ಹಳ್ಳಿಗಳ 38 ಹೆಣ್ಣುಮಕ್ಕಳು ಹಳೇ ಸೀರೆ, ಧೋತರಗಳಿಂದ ಕೌದಿ ಹೊಲಿಯುತ್ತಾರೆ. ನಾನು ಕಾರ್ಯದರ್ಶಿ. ಲೆಕ್ಕ, ಪತ್ರವ್ಯವಹಾರ, ಮಾರಾಟ ಎಲ್ಲವೂ ನನ್ನ ತಲೆ ಮೇಲೇ. ವರ್ಷಕ್ಕೆ 210ರಷ್ಟು ಕೌದಿ ಮಾರುತ್ತೇವೆ, ಒಂದಕ್ಕೆ 3,200 ರೂಪಾಯಿ. ಹೊಲಿದವರಿಗೆ 1,800 ಕೂಲಿ. ಅಸ್ತರು, ದಾರ, ಒಗೆಸುವುದು, ಸಾಗಣೆ ಅಂತ 700 ಹೋಗುತ್ತದೆ. ಮಾರಾಟ, ಒಂದು ಕಂಪನಿಯ ಸಿಎಸ್‌ಆರ್ ನೆರವು, ದಾನಿಗಳು ಕೊಟ್ಟದ್ದು ಎಲ್ಲ ಸೇರಿ ವರ್ಷಕ್ಕೆ 22 ಲಕ್ಷ ಬರುತ್ತದೆ. ಬ್ಯಾಂಕಿನಲ್ಲಿ 7 ಲಕ್ಷದ ಎಫ್‌ಡಿ ಇದೆ.

ಈಗ ದೆಹಲಿ ಹತ್ತಿರ ನಡೆಯುವ ಒಂದು ದೊಡ್ಡ ರಫ್ತು ಮೇಳದವರು ಮಳಿಗೆ ಹಾಕಿ ಎಂದು ಕರೆದಿದ್ದಾರೆ. ಮೂರು ಮೀಟರ್‌ಗೆ ಮೂರು ಮೀಟರ್ ಜಾಗಕ್ಕೆ 1,75,000, ಅದರ ಮೇಲೆ ಜಿಎಸ್‌ಟಿ 31,500. ಮಳಿಗೆಯ ಅಲಂಕಾರ, ದೀಪಕ್ಕೆ 60 ಸಾವಿರ, ಸ್ಯಾಂಪಲ್‌ಗೆ 45 ಸಾವಿರ, ಕ್ಯಾಟಲಾಗ್‌ಗೆ 25 ಸಾವಿರ, ನಾಲ್ವರ ಓಡಾಟ-ವಸತಿಗೆ 78,500, ಸಾಮಾನು ಸಾಗಿಸಲು 15 ಸಾವಿರ. ಒಟ್ಟು 4 ಲಕ್ಷ 30 ಸಾವಿರ. ನಮ್ಮ ಸಂಸ್ಥಾಪಕರಿಗೆ 72 ವರ್ಷ, ನಿವೃತ್ತ ಶಿಕ್ಷಕಿ. ಅವರಿಗೆ ಹೋಗಲೇಬೇಕೆಂಬ ಆಸೆ. ನಮ್ಮ ಡಿಸೈನರ್ ಹುಡುಗಿಯೂ ಕುಣಿಯುತ್ತಿದ್ದಾಳೆ. ಬ್ಯಾಂಕಿನಿಂದ ನಿವೃತ್ತರಾದ ನಮ್ಮ ಖಜಾಂಚಿ ‘ದಾನದ ದುಡ್ಡಿನಲ್ಲಿ ಜಾತ್ರೆ ಮಾಡೋದು ಬೇಡ’ ಎಂದು ಕೂತಿದ್ದಾರೆ. ಮೊದಲೇ ಬುಕ್ ಮಾಡಿದವರಿಗೆ ಸಿಗುವ ರಿಯಾಯಿತಿ ಈ ತಿಂಗಳ ಕೊನೆಗೆ ಮುಗಿಯುತ್ತದೆ. ಇಬ್ಬರ ನಡುವೆ ಸಿಕ್ಕಿ ನನಗೆ ರಾತ್ರಿ ನಿದ್ದೆ ಬರುತ್ತಿಲ್ಲ. ಹೋಗದಿದ್ದರೆ ನಮ್ಮನ್ನು ಯಾರು ನೋಡುತ್ತಾರೆ? ಹೋಗಿ ಕೈಸುಟ್ಟುಕೊಂಡರೆ ಯಾರಿಗೆ ಮುಖ ತೋರಿಸಲಿ? ಅಂದ ಹಾಗೆ, ಈ ಸಲ 61 ಕೌದಿ ಮಾರಾಟವಾಗದೆ ಟ್ರಂಕಿನಲ್ಲೇ ಉಳಿದಿವೆ, ಅವುಗಳ ಕೂಲಿಯೂ ಸ್ವಲ್ಪ ಬಾಕಿ ಇದೆ. ಮೇಳಕ್ಕೆ ಹೋದರೆ ಅದೂ ಖಾಲಿಯಾದೀತು ಎಂಬ ಆಸೆ.

— ಒಬ್ಬ ಓದುಗರು, ಧಾರವಾಡ ಜಿಲ್ಲೆ

ಉತ್ತರ:

ಮೊದಲು ನೇರ ಮಾತು. ಈ ವರ್ಷ ಬೇಡ. ಆದರೆ ನನ್ನ ಬೇಡಕ್ಕೂ ನಿಮ್ಮ ಖಜಾಂಚಿಯವರ ಬೇಡಕ್ಕೂ ಸಂಬಂಧವಿಲ್ಲ, ಇದನ್ನು ಅವರಿಗೆ ಓದಿ ಹೇಳಿ. ದಾನದ ದುಡ್ಡೆಂದರೆ ಮಾರುಕಟ್ಟೆಗೆ ಕಾಲಿಡಬಾರದ ದುಡ್ಡು ಎಂಬ ಮಡಿ ನನಗೆ ಒಪ್ಪಿಗೆಯಿಲ್ಲ. ಕೌದಿ ಹೊಲಿಸುವ ಸಂಸ್ಥೆ ಕೌದಿ ಮಾರಲು ಖರ್ಚು ಮಾಡದೆ ಇನ್ಯಾತಕ್ಕೆ ಮಾಡಬೇಕು? 4 ಲಕ್ಷ 30 ಸಾವಿರ ಖರ್ಚು ಮಾಡಿ 38 ಮನೆಗಳಿಗೆ ಐದು ವರ್ಷದ ಕೆಲಸ ಸಿಗುವುದಾದರೆ ಎಫ್‌ಡಿ ಮುರಿಯಿರಿ ಅಂತ ನಾನೇ ಬರೆಯುತ್ತಿದ್ದೆ. ಸಿಗುವುದಿಲ್ಲ. ಯಾಕೆಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳನ್ನೆಲ್ಲ ನೀವೇ ಕೊಟ್ಟಿದ್ದೀರಿ, ಕೂಡಿಸಿಲ್ಲ ಅಷ್ಟೇ.

ಒಂದು ಕೌದಿ 3,200ಕ್ಕೆ ಹೋದರೆ ಕೂಲಿ 1,800, ಉಳಿದ ಖರ್ಚು 700 ಕಳೆದು ನಿಮ್ಮ ಕೈಯಲ್ಲಿ ನಿಲ್ಲುವುದು 700. ಮೇಳದ 4,30,000 ವಾಪಸ್ ಬರಬೇಕಾದರೆ 615 ಕೌದಿ ಹೋಗಬೇಕು. ಈಗ ಮಾರುತ್ತಿರುವುದರ ಮೇಲೆ ಹೆಚ್ಚುವರಿಯಾಗಿ 615. ನಿಮ್ಮ ವರ್ಷದ ಮಾರಾಟ 210. ಅಂದರೆ ಆ ಮೂರು ಮೀಟರ್ ಜಾಗದ ಸಾಲ ತೀರಿಸಲು ನಿಮ್ಮ 38 ಜನ ಹತ್ತಿರ ಹತ್ತಿರ ಮೂರು ವರ್ಷ ಹೊಲಿಯಬೇಕು.

ಇದು ಚಿಲ್ಲರೆ ಬೆಲೆಯ ಲೆಕ್ಕ. ರಫ್ತು ಮೇಳದಲ್ಲಿ ಚಿಲ್ಲರೆ ವ್ಯಾಪಾರ ಇರುವುದಿಲ್ಲ. ನವೆಂಬರ್ 14ರಿಂದ 27ರವರೆಗೆ ದೆಹಲಿಯ ಪ್ರಗತಿ ಮೈದಾನದಲ್ಲಿ ನಡೆಯುವ ಅಂತರರಾಷ್ಟ್ರೀಯ ವ್ಯಾಪಾರ ಮೇಳ ಬೇರೆ. ಅಲ್ಲಿ ಜನಸಾಮಾನ್ಯರೂ ಬರುತ್ತಾರೆ, ಚೌಕಾಸಿ ಮಾಡಿ ಚೀಲಕ್ಕೆ ತುಂಬಿಕೊಂಡು ಹೋಗುತ್ತಾರೆ. ಗ್ರೇಟರ್ ನೋಯ್ಡಾದಲ್ಲಿ ಕರಕುಶಲ ರಫ್ತು ಉತ್ತೇಜನ ಮಂಡಳಿ ವರ್ಷಕ್ಕೆ ಎರಡು ಸಲ ನಡೆಸುವಂಥ ಮೇಳಗಳ ಜಾಯಮಾನವೇ ಬೇರೆ. ಅಲ್ಲಿಗೆ ಬರುವವರು ಪರದೇಶದ ಅಂಗಡಿಗಳಿಗೆ ಸರಕು ತುಂಬುವವರು. ಕೌದಿ ಮುಟ್ಟಿ ನೋಡುತ್ತಾರೆ, ಮಗುಚಿ ಹಿಂಭಾಗದ ಹೊಲಿಗೆ ನೋಡುತ್ತಾರೆ, ದರ ಕೇಳುತ್ತಾರೆ, ಬರೆದುಕೊಳ್ಳುತ್ತಾರೆ, ಮುಂದಿನ ಮಳಿಗೆಗೆ ಹೋಗುತ್ತಾರೆ. ನಿಮ್ಮ 61 ಕೌದಿ ಅಲ್ಲಿ ಖಾಲಿಯಾಗುವುದಿಲ್ಲ. ಲಾರಿ ಬಾಡಿಗೆ ಕೊಟ್ಟು ಕಳಿಸಿ, ಲಾರಿ ಬಾಡಿಗೆ ಕೊಟ್ಟು ವಾಪಸ್ ತರಿಸಿಕೊಳ್ಳುತ್ತೀರಿ. ಈ ಒಂದು ವ್ಯತ್ಯಾಸವನ್ನು ನಿಮಗೆ ಯಾರೂ ಬಿಡಿಸಿ ಹೇಳಿಲ್ಲವೆಂದು ಕಾಣುತ್ತದೆ. ಆಮಂತ್ರಣದ ಕಾಗದದಲ್ಲಂತೂ ಅದು ದಪ್ಪ ಅಕ್ಷರದಲ್ಲಿ ಇರುವುದಿಲ್ಲ.

ಇನ್ನು ಅವರು ಕೇಳುವ ದರ. ಅಂಗಡಿಯವರು ತಾವು ಮಾರುವ ಬೆಲೆಯ ಅರ್ಧಕ್ಕೋ ಅದಕ್ಕಿಂತ ಕಡಿಮೆಗೋ ಸರಕು ಸಿಗಬೇಕು ಅನ್ನುತ್ತಾರೆ. ಅದರಲ್ಲಿ ಮೋಸವೇನೂ ಇಲ್ಲ, ಹಡಗಿನ ಬಾಡಿಗೆ, ಸುಂಕ, ಅಂಗಡಿ ಬಾಡಿಗೆ, ಮಾರಾಟವಾಗದೆ ಉಳಿಯುವ ಮಾಲು ಎಲ್ಲ ಅವರ ತಲೆಗೇ. ನಿಮ್ಮ 3,200ರ ಅರ್ಧ 1,600. ನೀವು ಕೊಡುವ ಕೂಲಿಯೇ 1,800! ಪ್ರತಿ ಕೌದಿಗೂ ನೀವೇ ಕೈಯಿಂದ ದುಡ್ಡು ಹಾಕಿ ಕಳಿಸಬೇಕಾಗುತ್ತದೆ. ಆಗ ಹೆಚ್ಚು ಆರ್ಡರ್ ಬಂದಷ್ಟೂ ಹೆಚ್ಚು ನಷ್ಟ. ಸಗಟು ದರ 3,200 ಎಂದೇ ಹೇಳಿದರೆ ಆಗದೇ? ಆಗುತ್ತದೆ, ಹೇಳಲು ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಅದೇ ಸಾಲಿನಲ್ಲಿ ಹಳೇ ಸೀರೆಯ ಕಾಂಥಾ ಹೊದಿಕೆಗಳನ್ನು ಗುಡ್ಡೆ ಹಾಕಿಕೊಂಡವರು ಇರುತ್ತಾರೆ. ಆ ಮಾಲು ಪರದೇಶಕ್ಕೆ ಹೋಗಲು ಶುರುವಾಗಿ ಎಷ್ಟೋ ಕಾಲವಾಯಿತು, ಅದರ ದರ ಖರೀದಿದಾರರಿಗೆ ಬಾಯಿಪಾಠ. ಬಂಗಾಳದ ಕಾಂಥಾದ ಹೊಲಿಗೆ ಬೇರೆ, ನಮ್ಮ ಕೌದಿಯ ಹೊಲಿಗೆ ಬೇರೆ ಎಂದು ನೀವು ವಿವರಿಸುವಷ್ಟರಲ್ಲಿ ಆತ ಗಡಿಯಾರ ನೋಡುತ್ತಿರುತ್ತಾನೆ.

ನನ್ನದೇ ಒಂದು ಕಥೆ ಹೇಳಬೇಕು. ಹೇಳಲು ಸಂಕೋಚವಾಗುತ್ತದೆ. ಹಿಂದೆ ನಾನು ಒಂದು ಸಂಸ್ಥೆಯ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದಾಗ ಇಂಥದೇ ಒಂದು ಮೇಳಕ್ಕೆ ಹೋಗಿದ್ದೆವು. ಮಳಿಗೆ ಎಂದರೆ ಏನೋ ಅಂದುಕೊಂಡಿದ್ದೆ. ಅಲ್ಯೂಮಿನಿಯಂ ಕಂಬಕ್ಕೆ ಸಿಕ್ಕಿಸಿದ ಬಿಳಿ ಹಲಗೆಗಳು ಮೂರು ಕಡೆ, ಒಂದು ಮೇಜು, ಎರಡು ಕುರ್ಚಿ, ಎರಡು ದೀಪ, ಒಂದು ಪ್ಲಗ್ಗು. ಹಲಗೆಗೆ ಮೊಳೆ ಹೊಡೆಯುವಂತಿಲ್ಲ. ಭಾರದ ಕೌದಿ ತೂಗು ಹಾಕಲು ಸರಪಳಿ, ಕೊಂಡಿ ಬೇಕು, ಅದಕ್ಕೆ ಬೇರೆ ಬಾಡಿಗೆ. ಮೂರನೇ ಕುರ್ಚಿಗೆ ಬಾಡಿಗೆ. ಮೂರನೇ ದೀಪಕ್ಕೆ ಬಾಡಿಗೆ. ಮೇಲಿನ ಪಟ್ಟಿಯಲ್ಲಿ ನಮ್ಮ ಸಂಸ್ಥೆಯ ಹೆಸರನ್ನು ತಪ್ಪಾಗಿ ಅಂಟಿಸಿದ್ದರು, ಎರಡು ದಿನ ಅದೇ ಹೆಸರಿನಲ್ಲಿ ಕೂತೆವು. ಜೊತೆಗೆ ಕರೆದೊಯ್ದಿದ್ದ ಇಬ್ಬರು ಹೆಣ್ಣುಮಕ್ಕಳು ಮೂಲೆಯಲ್ಲಿ ಕೂತು ಹೊಲಿಯುತ್ತಿದ್ದರು. ಬಂದವರೆಲ್ಲ ಅವರ ಫೋಟೋ ತೆಗೆದರು. ಮಾತು ಮಾತ್ರ ನಮ್ಮೊಂದಿಗೆ.

ಒಂದು ಆರ್ಡರ್ ಬಂತು. 400 ದಿಂಬಿನ ಕವರು, 75 ದಿನ, ಎಲ್ಲವೂ ಒಂದೇ ಬಣ್ಣದ ಜೋಡಣೆ. ಕುಣಿದಾಡಿದೆವು. ಊರಿಗೆ ಬಂದು ನೋಡಿದರೆ ಬಿತ್ತನೆ ಶುರುವಾಗಿತ್ತು. ಮನೆಯ ಹೊಲವಿದ್ದವರು ಹೊಲಕ್ಕೆ, ಇಲ್ಲದವರು ಕೂಲಿಗೆ. ಮಧ್ಯಾಹ್ನದ ಬಿಡುವಿನಲ್ಲಿ ಕಟ್ಟೆಯ ಮೇಲೆ ಕೂತು ಹೊಲಿಯುವ ಕೈಗಳೇ ಇರಲಿಲ್ಲ. ಐವತ್ತೆಂಟನೇ ದಿನಕ್ಕೆ 240 ಆಗಿತ್ತು. ಉಳಿದ 160ನ್ನು ಹುಬ್ಬಳ್ಳಿಯ ಒಬ್ಬ ಟೇಲರ್‌ಗೆ ಕೊಟ್ಟು ಮಿಷನ್ನಿನಲ್ಲಿ ಹೊಲಿಸಿದೆವು. ಖರೀದಿದಾರರಿಗೆ ಗೊತ್ತಾಗಲಿಲ್ಲ. ನಮ್ಮ ಹೆಣ್ಣುಮಕ್ಕಳಿಗೆ ಗೊತ್ತಾಯಿತು. ಪ್ಯಾಕಿಂಗ್ ದಿನ ಒಬ್ಬ ಅಜ್ಜಿ ಒಂದು ಕವರನ್ನು ಬೆಳಕಿಗೆ ಹಿಡಿದು, ಹೆಬ್ಬೆರಳಿನಿಂದ ಹೊಲಿಗೆ ಸವರಿ, ಏನೂ ಹೇಳದೆ ಗಂಟಿನೊಳಗೆ ಇಟ್ಟಳು. ಆ ಮೇಳದಿಂದ ತಂದ ವಿಸಿಟಿಂಗ್ ಕಾರ್ಡುಗಳು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಬಹಳ ಕಾಲ ನಮ್ಮ ಆಫೀಸಿನ ಕಪಾಟಿನ ಮೇಲಿದ್ದವು. ಧೂಳು ಒರೆಸುವಾಗಲೆಲ್ಲ ಕೆಳಗಿಳಿಸಿ ಮತ್ತೆ ಮೇಲಿಡುತ್ತಿದ್ದೆವು.

ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ. ಮೇಳದಲ್ಲಿ ಸೋತರೆ ಹೇಗೆ ಅಂತ ನೀವು ಹೆದರಿದ್ದೀರಿ. ಗೆದ್ದರೆ ಏನು ಮಾಡುತ್ತೀರಿ? ಒಬ್ಬ ಖರೀದಿದಾರ ಬಂದು ‘300 ಕೌದಿ, ತೊಂಬತ್ತು ದಿನ, ಎಲ್ಲವೂ ಈ ನೀಲಿ’ ಎಂದರೆ? ಒಬ್ಬೊಬ್ಬರು ತಿಂಗಳಿಗೆ ಒಂದು ಮುಗಿಸಿದರೂ, ಯಾರಿಗೂ ಜ್ವರ ಬರದೆ, ಯಾರ ಮನೆಯಲ್ಲೂ ಮದುವೆಯಾಗದೆ, ಯಾವ ಹೊಲದಲ್ಲೂ ಕಳೆ ಬೆಳೆಯದೆ ಇದ್ದರೆ ತೊಂಬತ್ತು ದಿನಕ್ಕೆ 114. ಹಳೇ ಸೀರೆಯಲ್ಲಿ ಒಂದೇ ನೀಲಿ ಎಲ್ಲಿಂದ ತರುತ್ತೀರಿ? ಹೊಸ ಬಟ್ಟೆಯ ಥಾನು ತಂದು, ಕತ್ತರಿಸಿ, ಹಳೇದರಂತೆ ಕಾಣಿಸಲು ಒಗೆದು ಹೊಲಿಯಬೇಕು. ಹಾಗೆ ಮಾಡುವವರಿದ್ದಾರೆ. ಆಮೇಲೆ ಅದನ್ನು ಕೌದಿ ಎಂದು ಕರೆಯುವುದು ನಿಮಗೆ ಬಿಟ್ಟದ್ದು.

ಬಣ್ಣದ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇನೆ, ನಿಮ್ಮ ಡಿಸೈನರ್ ಹುಡುಗಿ ಗಮನವಿಟ್ಟು ಓದಲಿ. ಯುರೋಪಿನಲ್ಲಿ ಕೆಲವು ಅಜೋ ಬಣ್ಣಗಳಿಗೆ ನಿಷೇಧವಿದೆ. ಮೈಗೆ ತಾಗುವ ಬಟ್ಟೆಯಲ್ಲಿ ಅವು ಹಾನಿಕಾರಕ ಅಮೈನ್‌ಗಳನ್ನು ಬಿಡುತ್ತವೆ ಎಂಬ ಕಾರಣಕ್ಕೆ. ಅಲ್ಲಿನ ಖರೀದಿದಾರರು ಲ್ಯಾಬ್ ವರದಿ ಕೇಳುತ್ತಾರೆ. ಹೊಸ ಥಾನಾದರೆ ಒಂದು ತುಂಡು ಪರೀಕ್ಷಿಸಿದರೆ ಸಾಕು. ನಿಮ್ಮ ಒಂದು ಕೌದಿಯಲ್ಲಿ ಹದಿನೈದು ಮನೆಯ ಸೀರೆ ಇರುತ್ತವೆ, ಒಂದೊಂದೂ ಒಂದೊಂದು ಕಾಲದ್ದು, ಒಂದೊಂದೂ ಒಂದೊಂದು ಗಿರಣಿಯದ್ದು. ಯಾವ ತುಂಡಿನ ವರದಿ ಕೊಡುತ್ತೀರಿ? ಇಷ್ಟಾದ ಮೇಲೆ ರಫ್ತಿಗೆ ಐಇಸಿ (ಆಮದು-ರಫ್ತುದಾರರ ಸಂಕೇತ ಸಂಖ್ಯೆ) ಬೇಕು, ಬ್ಯಾಂಕಿನ ಕಾಗದಪತ್ರ ಬೇಕು. ಇವೆಲ್ಲ ಆಗದ ಕೆಲಸಗಳಲ್ಲ, ಟ್ರಸ್ಟಿಗೂ ಐಇಸಿ ಸಿಗುತ್ತದೆ. ಆದರೆ ಮಳಿಗೆಗೆ ದುಡ್ಡು ಕಟ್ಟುವ ಮೊದಲು ಆಗಬೇಕಾದವು. ನಿಮ್ಮ ಆರು ಬಾಬಿನ ಪಟ್ಟಿಯಲ್ಲಿ ಇವುಗಳಿಗೆ ಒಂದು ರೂಪಾಯಿಯೂ ಇಲ್ಲ. ಮೇಳ ಮುಗಿದ ಮೇಲಿನ ಮೂರು ತಿಂಗಳ ಪತ್ರ, ಫೋನು, ಸ್ಯಾಂಪಲ್ ಕೊರಿಯರ್ ಇವುಗಳಿಗೂ ಇಲ್ಲ. ಕೌದಿಯ ತೂಕ ನಿಮಗೆ ಗೊತ್ತು. ಅದನ್ನು ಪರದೇಶಕ್ಕೆ ಕೊರಿಯರ್ ಮಾಡಲು ಎಷ್ಟಾಗುತ್ತದೆಂದು ಒಮ್ಮೆ ಕೇಳಿ ನೋಡಿ. ಹೊಲಿಯುವ ಹೆಣ್ಣುಮಕ್ಕಳನ್ನು ಜೊತೆಗೆ ಕರೆದೊಯ್ದರೆ ಅವರ ದಿನಗೂಲಿಯೂ ಪಟ್ಟಿಯಲ್ಲಿಲ್ಲ. ಹುಬ್ಬಳ್ಳಿಯಿಂದ ನಿಜಾಮುದ್ದೀನ್‌ಗೆ ಹೋಗಿ ಬರುವ ರೈಲಿನ ದಿನಗಳೂ ಸೇರಿ ಹತ್ತು ದಿನ ಮನೆ ಬಿಟ್ಟು ಬರುವವರಿಗೆ ಊಟ-ವಸತಿ ಕೊಟ್ಟರೆ ಮುಗಿಯಿತೇ?

ಆಡಿಟರ್ ಹತ್ತಿರ ಕೇಳಬೇಕಾದ ಒಂದು ವಿಷಯ ನಿಮ್ಮ ಅಂಕಿಗಳಲ್ಲೇ ಅಡಗಿದೆ. 210 ಕೌದಿಗೆ 3,200ರಂತೆ 6 ಲಕ್ಷ 72 ಸಾವಿರ. 22 ಲಕ್ಷದಲ್ಲಿ ಇದು ಶೇಕಡಾ 30ರ ಮೇಲೆ. ಆದಾಯ ತೆರಿಗೆ ಕಾನೂನಿನಲ್ಲಿ, ‘ಸಾರ್ವಜನಿಕ ಉಪಯುಕ್ತತೆ’ಯ ಉದ್ದೇಶ ಎಂದು ನೋಂದಾಯಿಸಿಕೊಂಡ ಟ್ರಸ್ಟ್ ವ್ಯಾಪಾರದಿಂದ ಪಡೆಯುವ ಹಣ ಒಟ್ಟು ಆದಾಯದ ಶೇಕಡಾ 20 ದಾಟಬಾರದು. 2022ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಈ ಮಿತಿಯನ್ನು ಬಿಗಿಯಾಗಿಯೇ ಎತ್ತಿಹಿಡಿಯಿತು. ‘ಬಡವರ ನೆರವು’ ಎಂಬ ಉದ್ದೇಶದಡಿ ಇರುವ ಟ್ರಸ್ಟಿಗೆ ಈ ಶೇಕಡಾವಾರು ಕಟ್ಟು ಇಲ್ಲ. ನಿಮ್ಮ ಟ್ರಸ್ಟ್ ಡೀಡಿನಲ್ಲಿ ಏನು ಬರೆದಿದೆ? ಗಾಬರಿ ಬೇಡ, ಆದರೆ ಮೇಳಕ್ಕೆ ಹೋಗಿ ಮಾರಾಟ ಮೂರು ಪಟ್ಟಾದರೆ ಈ ಪ್ರಶ್ನೆ ನಿಮ್ಮ ಬಾಗಿಲಿಗೇ ಬರುತ್ತದೆ. ಮಾರಾಟಕ್ಕೆ ಹೆಣ್ಣುಮಕ್ಕಳದೇ ಒಂದು ಸಹಕಾರ ಸಂಘವನ್ನೋ ಉತ್ಪಾದಕರ ಕಂಪನಿಯನ್ನೋ ಕಟ್ಟಿ, ಟ್ರಸ್ಟ್ ತರಬೇತಿ ಮಾತ್ರ ನೋಡಿಕೊಳ್ಳುವ ದಾರಿ ಹಲವರು ಹಿಡಿದಿದ್ದಾರೆ. ಸಿಎಸ್‌ಆರ್ ಹಣದಿಂದ ಮಳಿಗೆ ಬಾಡಿಗೆ ಕಟ್ಟುವ ಯೋಚನೆ ಇದ್ದರೆ ಒಪ್ಪಂದದ ಬಜೆಟ್ ತೆಗೆದು ನೋಡಿ. ಅದರಲ್ಲಿ ಇಲ್ಲದ ಬಾಬಿಗೆ ಮುಟ್ಟಬೇಡಿ.

ಈಗ ಆ ಟ್ರಂಕಿನ ವಿಷಯ.

‘ಅಂದ ಹಾಗೆ’ ಎಂದು ಶುರುಮಾಡಿ ಕೊನೇ ಸಾಲಿನಲ್ಲಿ ತಳ್ಳಿಬಿಟ್ಟಿದ್ದೀರಿ. 61 ಕೌದಿ, 1,800ರಂತೆ 1,09,800. ಇದು ನಿಮ್ಮ ಲೆಕ್ಕದಲ್ಲಿ ‘ಸ್ವಲ್ಪ ಬಾಕಿ’. ಮಾರಾಟವಾದ ಮೇಲೆ ಕೂಲಿ ಎಂಬ ಪದ್ಧತಿ ನಿಮ್ಮದು ಎಂದು ಕಾಣುತ್ತದೆ. ಆ ಪದ್ಧತಿಯಲ್ಲಿ ವ್ಯಾಪಾರದ ನಷ್ಟವನ್ನು ಹೊರುತ್ತಿರುವವರು ಯಾರು? ಟ್ರಸ್ಟ್ ಅಲ್ಲ, ದಾನಿಗಳಲ್ಲ, ಏಳು ಲಕ್ಷದ ಎಫ್‌ಡಿಯೂ ಅಲ್ಲ. ತಿಂಗಳುಗಟ್ಟಲೆ ಸೂಜಿ ಹಿಡಿದ ಕೈ. ನಾಳೆ ನೀವು ದೆಹಲಿಗೆ ಹೋಗುವ ಸುದ್ದಿ ಹಳ್ಳಿ ಮುಟ್ಟಿದ ದಿನ ಅವರಲ್ಲಿ ಒಬ್ಬಳಾದರೂ ಕೇಳುತ್ತಾಳೆ: ‘ದಿಲ್ಲಿಗೆ ಹೋಗಾಕ ರೊಕ್ಕ ಐತಿ, ನಮ್ಮ ಕೂಲಿಗೆ ಇಲ್ಲೇನ್ರೀ ಯಕ್ಕಾ?’ ಅದಕ್ಕೆ ನಿಮ್ಮ ಹತ್ತಿರ ಉತ್ತರವಿಲ್ಲ. ನನ್ನ ಹತ್ತಿರವೂ ಇಲ್ಲ. ಎಫ್‌ಡಿ ಮುರಿಯುವುದೇ ಆದರೆ ಮೊದಲು ಇದಕ್ಕೆ ಮುರಿಯಿರಿ, ಈ ವಾರವೇ.

ಆಮೇಲೆ ಆ 61ನ್ನು ನೆಲದ ಮೇಲೆ ಹಾಸಿ ನೋಡಿ. ನೀವು, ಡಿಸೈನರ್ ಹುಡುಗಿ, ಹೊಲಿದ ನಾಲ್ಕೈದು ಜನ. ಇವೇ ಯಾಕೆ ಉಳಿದವು? ಪಾಲಿಯೆಸ್ಟರ್ ಸೀರೆ ಹೆಚ್ಚಾಗಿ, ಹೊದ್ದರೆ ಜಾರುತ್ತವೆಯೇ? ಎರಡಾಳಿನ ಅಳತೆಯವೇ ಉಳಿದು, ಒಂದಾಳಿನವು, ಮಕ್ಕಳವು ಖರ್ಚಾಗಿವೆಯೇ? ಪೆಟ್ಟಿಗೆಯ ವಾಸನೆ ಹಿಡಿದಿವೆಯೇ? ಊರಿನವರಿಗೆ ಬೆಲೆ ಜಾಸ್ತಿಯಾಗಿ, ಬೆಂಗಳೂರಿನವರಿಗೆ ಇವು ಇರುವುದೇ ಗೊತ್ತಿಲ್ಲವೇ? ಇದಕ್ಕೆ ಉತ್ತರ ಸಿಗದೆ ಮೇಳಕ್ಕೆ ಹೋದರೆ, ಇಲ್ಲಿ ಮಾರಲಾಗದ ಸರಕನ್ನು ಎರಡು ಸಾವಿರ ಕಿಲೋಮೀಟರ್ ದೂರ ಒಯ್ದು ಮಾರಲು ಕೂತಂತೆ.

ಮಾರುವ ಜಾಗಗಳ ಬಗ್ಗೆ. ಕೌದಿಗೆ ಬೇಕಾದದ್ದು ಒಂದನ್ನು ಬಿಡಿಸಿ, ಮಡಿಲ ಮೇಲೆ ಹಾಕಿಕೊಂಡು, ಇದು ನಮ್ಮಜ್ಜಿಯ ಮನೆಯಲ್ಲಿತ್ತಲ್ಲ ಎನ್ನುವ ಗಿರಾಕಿ. ಅಂಥವರು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನ ಕರಕುಶಲ ಮೇಳಗಳಿಗೆ ಬರುತ್ತಾರೆ. ಸ್ವಸಹಾಯ ಸಂಘಗಳಿಗೆಂದೇ ನಡೆಯುವ ಸರಸ್ ಮೇಳಗಳಿಗೆ ಬರುತ್ತಾರೆ. ನಿಮ್ಮ ಮಹಿಳೆಯರು ಸಂಜೀವಿನಿ ಒಕ್ಕೂಟದಲ್ಲಿದ್ದರೆ ಜಿಲ್ಲಾ ಪಂಚಾಯಿತಿಯಲ್ಲಿ ವಿಚಾರಿಸಿ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿ ಕೊಡುವ ಪೆಹಚಾನ್ ಗುರುತಿನ ಚೀಟಿ ನಿಮ್ಮವರ ಹತ್ತಿರ ಇದೆಯೇ? ಅದಿದ್ದರೆ ಗಾಂಧಿ ಶಿಲ್ಪ ಬಜಾರ್‌ನಂಥ ಮೇಳಗಳ ಬಾಗಿಲು ತೆರೆಯುತ್ತದೆ, ಓಡಾಟದ ಖರ್ಚಿಗೆ ನೆರವು ಸಿಗುವುದೂ ಉಂಟು. ಪಕ್ಕದಲ್ಲೇ ಧಾರವಾಡ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಇದೆ. ಅಲ್ಲಿ ಯಾರು ಕೌದಿ ಕೊಳ್ಳುತ್ತಾರೆ ಎನ್ನಬೇಡಿ. ಅಲ್ಲಿ ಮಾರುವುದಕ್ಕಿಂತ ಹಳೇ ಹತ್ತಿ ಸೀರೆ ಕೊಡುವ ಮನೆಗಳನ್ನು ಹಿಡಿಯುವುದು ಮುಖ್ಯ. ಒಳ್ಳೇ ಹತ್ತಿ ಸೀರೆ ಸಿಗುವುದೇ ಈಗ ಕಷ್ಟ, ನಿಮಗೆ ನಾನು ಹೇಳಬೇಕಿಲ್ಲ.

ಹಾಗಾದರೆ ಲಾಭದ ಉದ್ದೇಶವಿಲ್ಲದ ಸಂಸ್ಥೆಗಳು ದುಬಾರಿ ಮೇಳಕ್ಕೆ ಹೋಗಲೇಬಾರದೇ? ಹೋಗಬೇಕಾದ ಸಂದರ್ಭಗಳಿವೆ. ಕಿವಿ ಕೇಳದ ಯುವಕರಿಗೆ ಯಂತ್ರ ನಡೆಸುವ ತರಬೇತಿ ಕೊಡುವ ಒಂದು ಟ್ರಸ್ಟ್ ಇದೆ ಎಂದಿಟ್ಟುಕೊಳ್ಳಿ. ತುಮಕೂರು ರಸ್ತೆಯ ಮಾದಾವರದ ಬಳಿಯ ಪ್ರದರ್ಶನ ಕೇಂದ್ರದಲ್ಲಿ ಯಂತ್ರೋಪಕರಣಗಳ ಇಮ್ಟೆಕ್ಸ್ ನಡೆಯುವಾಗ ಅವರು ಒಂದು ಮೂಲೆ ಮಳಿಗೆ ಹಿಡಿದರೆ ನಾನು ಸೈ ಅನ್ನುತ್ತೇನೆ. ಅವರಿಗೆ ಬೇಕಾದ ಕಾರ್ಖಾನೆ ಮಾಲೀಕರೆಲ್ಲ ಒಂದೇ ಸೂರಿನಡಿ ಓಡಾಡುತ್ತಿರುತ್ತಾರೆ. ಒಬ್ಬ ಮಾಲೀಕ ನಾಲ್ಕು ಜನರಿಗೆ ಕೆಲಸ ಕೊಟ್ಟರೂ ಮಳಿಗೆಯ ಬಾಡಿಗೆ ಹುಟ್ಟಿತು. ಹಾಗೆ ಹೋಗುವವರು ಸಂಘಟಕರನ್ನು ಸಂಕೋಚವಿಲ್ಲದೆ ಕೇಳಬೇಕು: ಲಾಭದ ಉದ್ದೇಶವಿಲ್ಲದವರಿಗೆ ಉಚಿತ ಜಾಗ, ಅರ್ಧ ದರ, ಇನ್ನೊಬ್ಬರ ಜೊತೆ ಹಂಚಿಕೊಳ್ಳುವ ಅನುಮತಿ ಏನಾದರೂ ಇದೆಯೇ ಎಂದು. ಕೇಳದೆ ಹಂಚಿಕೊಳ್ಳಲು ಹೋಗಬೇಡಿ, ಎಷ್ಟೋ ಮೇಳಗಳ ಕರಾರಿನಲ್ಲಿ ಅದಕ್ಕೆ ಅವಕಾಶವಿಲ್ಲ. ತಿಂಗಳ ಕೊನೆಗೆ ಮುಗಿಯುವ ರಿಯಾಯಿತಿಗೆ ಹೆದರಬೇಡಿ. ಸಭಾಂಗಣ ಭಣಗುಡುವುದು ಯಾವ ಸಂಘಟಕರಿಗೂ ಇಷ್ಟವಿಲ್ಲ, ಮೇಳ ಹತ್ತಿರವಾದಂತೆ ಉಳಿದ ಜಾಗದ ದರ ಮೆತ್ತಗಾಗುವುದನ್ನು ನಾನು ಕಂಡಿದ್ದೇನೆ.

ಒಂದೆರಡು ವರ್ಷದ ನಂತರ ನೀವು ಮತ್ತೆ ಯೋಚಿಸುವುದಾದರೆ ಕಳೆದ ಸಲದ ಮೇಳದ ಕ್ಯಾಟಲಾಗ್ ತರಿಸಿಕೊಂಡು, ನಿಮ್ಮಷ್ಟೇ ಸಣ್ಣವರಾದ ಐದು ಜನಕ್ಕೆ ಫೋನ್ ಮಾಡಿ. ಎಷ್ಟು ಜನ ಬಂದರು ಎಂದು ಕೇಳಬೇಡಿ, ಅದಕ್ಕೆ ಎಲ್ಲರೂ ‘ಭಾಳ’ ಅನ್ನುತ್ತಾರೆ. ಈ ಸಲ ಮತ್ತೆ ಬುಕ್ ಮಾಡಿದ್ದೀರಾ ಎಂದು ಮಾತ್ರ ಕೇಳಿ. ಉದ್ಯಮ್ ನೋಂದಣಿ ಇರುವ ಸಣ್ಣ ಉತ್ಪಾದಕರಿಗೆ ಮಳಿಗೆ ಬಾಡಿಗೆ ಮರಳಿಸುವ ಕೇಂದ್ರ ಸರ್ಕಾರದ ಯೋಜನೆಯೂ ಇದೆ. ನಿಮಗೆ ಅನ್ವಯಿಸುತ್ತದೆಯೇ ಎಂದು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ. ಆದರೆ ಅದು ಮೊದಲು ಖರ್ಚು ಮಾಡಿ ಆಮೇಲೆ ಪಡೆಯುವ ಹಣ. ಎಫ್‌ಡಿ ಮುರಿಯಲು ಅದನ್ನು ನೆಪ ಮಾಡಿಕೊಳ್ಳಬೇಡಿ. ವರ್ಷಕ್ಕೆ ಬರುವ 22 ಲಕ್ಷವೂ ಖರ್ಚಾಗುತ್ತದೆ ಎಂದುಕೊಂಡು, ನಿಮ್ಮ ತಿಂಗಳ ಖರ್ಚು ಸುಮಾರು 1 ಲಕ್ಷ 80 ಸಾವಿರ ಎಂದರೆ ಆ 7 ಲಕ್ಷ ನಾಲ್ಕು ತಿಂಗಳಿಗೂ ಸಾಲದು. ಸಿಎಸ್‌ಆರ್ ಕಂಪನಿ ಮಾರ್ಚ್ 31ರ ನಂತರ ಕೈ ಕೊಡವಿದರೆ ಅದೊಂದೇ ನಿಮಗೆ ಆಸರೆ.

ಉಳಿದದ್ದು ನಿಮ್ಮ ಸಂಸ್ಥಾಪಕರು. ನಿಮ್ಮ ನಿದ್ದೆ ಕೆಡಿಸಿರುವುದು ಲೆಕ್ಕವಲ್ಲ, ಅವರು ಎಂದು ನನ್ನ ಅಂದಾಜು. 72 ವರ್ಷದ ಆ ಟೀಚರಮ್ಮನಿಗೆ ಈ ಕೆಲಸವನ್ನು ದೊಡ್ಡವರ ಸಾಲಿನಲ್ಲಿ ಒಮ್ಮೆ ನಿಂತು ನೋಡುವ ಆಸೆ. ಅದನ್ನು ಲಾಭ-ನಷ್ಟದ ಪಟ್ಟಿ ತೋರಿಸಿ ಮುರಿಯಬೇಡಿ, ಮನಸ್ಸು ನೋಯುತ್ತದೆ. ‘ಯಾರು ನೋಡುತ್ತಾರೆ’ ಎಂಬ ಸಂಕಟ ಅವರದೂ ಹೌದು, ನಿಮ್ಮದೂ ಹೌದು. ಸಣ್ಣ ಸಂಸ್ಥೆ ನಡೆಸುವ ಎಲ್ಲರಿಗೂ ಅದು ರಾತ್ರಿ ಹೊತ್ತು ಬರುವ ಕೆಮ್ಮಿನ ಹಾಗೆ. ಅವರಿಗೆ ಒಂದು ಬೇರೆ ಕೆಲಸ ಹಚ್ಚಿ. ಕೌದಿ ಹೊಲಿಯುವಾಗಿನ ಮಾತುಗಳನ್ನು ಬರೆದುಕೊಳ್ಳಲಿ: ಯಾವ ತುಂಡು ಯಾರ ಮದುವೆಯದ್ದು, ಯಾವ ಮನೆಯಲ್ಲಿ ಅಂಚಿನಿಂದ ಒಳಕ್ಕೆ ಹೊಲಿಯುತ್ತಾರೆ, ನಡುವಿನ ಕೊನೇ ತುಂಡನ್ನು ಏನೆಂದು ಕರೆಯುತ್ತಾರೆ. ನಾನು ಹೇಳಿದ ಆ ಅಜ್ಜಿ ಒಮ್ಮೆ ಕೌದಿ ಮುಚ್ಚುವ ಮೊದಲು ನಡುವೆ ರೊಟ್ಟಿಯ ಒಂದು ಚೂರು ಇಟ್ಟು ಹೊಲಿದಳು. ಕೌದಿ ಹಸಿದಿರಬಾರದಂತೆ. ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ತಮ್ಮ ಕೌದಿಯ ನಾಲ್ಕು ಮೂಲೆಗೂ ಬಟ್ಟೆಯ ಹೂ ಮಡಿಸಿ ಹೊಲಿಯದೆ ಅದನ್ನು ಮುಗಿಯಿತು ಎನ್ನುವುದಿಲ್ಲ. ಇಂಥದನ್ನು ಒಂದು ಸಣ್ಣ ಪುಸ್ತಕ ಮಾಡಿ ಪ್ರತಿ ಕೌದಿಯ ಜೊತೆ ಕೊಡಿ. ನಿಮ್ಮ ಕ್ಯಾಟಲಾಗ್‌ಗೆ ಎತ್ತಿಟ್ಟ 25 ಸಾವಿರದಲ್ಲಿ ಆಗುವ ಕೆಲಸ. ಟೀಚರಮ್ಮನಿಗೆ ಇದು ದೆಹಲಿಗಿಂತ ಹೆಚ್ಚು ಹಿಡಿಸಬಹುದು. ಹಿಡಿಸದಿದ್ದರೆ ಪ್ರಗತಿ ಮೈದಾನದ ಮೇಳಕ್ಕೆ ನೋಡುವವರಾಗಿ ಕರೆದುಕೊಂಡು ಹೋಗಿ ಬನ್ನಿ. ಚೀಟಿ ಕೊಂಡು ಒಳಗೆ ಹೋದರಾಯಿತು. ಚೀಲದಲ್ಲಿ ಎರಡು ಕೌದಿ ಇರಲಿ, ಕರ್ನಾಟಕದ ಮಂಟಪದಲ್ಲಿ ಯಾರು ಏನು ಮಾರುತ್ತಿದ್ದಾರೆ ಎಂದು ಅವರೇ ನೋಡಲಿ.

ಖಜಾಂಚಿಯವರಿಗೂ ಒಂದು ಕೆಲಸವಿದೆ. ಕೂಲಿಗೆಂದೇ ಒಂದೂವರೆ ಲಕ್ಷದ ಬೇರೆ ಖಾತೆ ತೆರೆದು, ಕೌದಿ ಕೈಸೇರಿದ ದಿನವೇ ದುಡ್ಡು ಕೊಟ್ಟು, ಮಾರಾಟವಾದಾಗ ಆ ಖಾತೆಗೆ ವಾಪಸ್ ತುಂಬುವ ಏರ್ಪಾಡು ಅವರು ಮಾಡಲಿ. ಬ್ಯಾಂಕಿನಲ್ಲಿದ್ದವರಿಗೆ ಇದು ಎಡಗೈ ಕೆಲಸ.

ಕೂಲಿ ಬಟವಾಡೆಯಾದ ಮೇಲೆ ಮತ್ತೆ ಬರೆಯಿರಿ. ಆ 61ರಲ್ಲಿ ಕೆಂಪು ಇಳಕಲ್ ಸೆರಗು ಇರುವುದು ಒಂದಾದರೂ ಇದ್ದರೆ ಎತ್ತಿಡಿ, ನನಗೆ ಬೇಕು. ಸಗಟು ದರದಲ್ಲಿ ಅಲ್ಲ.